ಆರು ಜನರಿದ್ದ ಸ್ಟಾಲಿನಲ್ಲಿ ಮಾತಾಡಿಸುವವರೇ ಇರಲಿಲ್ಲ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಇದು ಒಂದು ಸಣ್ಣ ಯಂತ್ರ ತಯಾರಿಕಾ ಕಂಪನಿಯ ಪ್ರಕರಣ. ಪುಡಿ, ಕಾಳು, ಹರಳಿನಂಥ ಸಾಮಾನನ್ನು ಪ್ಯಾಕೆಟ್ಟಿಗೆ ತುಂಬಿ, ಬಿಸಿ ಕೊಟ್ಟು ಸೀಲ್ ಮಾಡುವ ಯಂತ್ರ ಅವರದು. ಗುರುತು ಸಿಗಬಾರದೆಂದು ಹೆಸರು, ಊರು, ಮೇಳದ ವಿವರ ಎಲ್ಲ ಬಿಟ್ಟಿದ್ದೇನೆ. ಜನರನ್ನು ಅವರವರ ಕೆಲಸದಿಂದಷ್ಟೇ ಕರೆದಿದ್ದೇನೆ.

ವ್ಯಾಪಾರ ಮೇಳಗಳಲ್ಲಿ ಸ್ಟಾಲ್ ನೋಡಿಕೊಳ್ಳುವ ಸಿಬ್ಬಂದಿಗೆ ತರಬೇತಿ ಕೊಡುವುದು ನನ್ನ ಕೆಲಸ. ಈ ಕಂಪನಿಯವರು ಮೇಳಕ್ಕೆ ಮುಂಚೆ ನನ್ನನ್ನು ಕರೆದಿರಲಿಲ್ಲ. ಮೊದಲ ದಿನ ಮಧ್ಯಾಹ್ನ ಮುಖ್ಯಸ್ಥರು ಫೋನ್ ಮಾಡಿದರು. "ಜನ ಬರ್ತಾರೆ, ನಿಲ್ಲಲ್ಲ. ಒಂದ್ಸಲ ಬಂದು ನೋಡ್ತೀರಾ?" ಅಂದರು. ನಾನು ಅದೇ ಮೇಳದಲ್ಲಿ ಬೇರೆ ಕೆಲಸದ ಮೇಲೆ ಇದ್ದೆ. ಹೋದೆ.

ಮೇಳ ಮೂರು ದಿನದ್ದು. ಸ್ಟಾಲ್ 6 ಮೀಟರ್ ಅಗಲ, 3 ಮೀಟರ್ ಆಳ. ಅಂದರೆ ಮೇಳಗಳಲ್ಲಿ ಸಾಮಾನ್ಯವಾಗಿ ಕೊಡುವ 3 ಮೀಟರ್ ಚೌಕದ ಎರಡು ಸ್ಟಾಲು ಜೋಡಿಸಿದಷ್ಟು. ಮೂಲೆಯ ಜಾಗ, ಎರಡು ಕಡೆ ದಾರಿಗೆ ತೆರೆದಿತ್ತು. ಯಂತ್ರ ಚೆನ್ನಾಗಿತ್ತು, ಬೋರ್ಡ್ ಚೆನ್ನಾಗಿತ್ತು, ಬೆಳಕು ಚೆನ್ನಾಗಿತ್ತು. ಮುಖ್ಯಸ್ಥರು ಇದಕ್ಕೆಲ್ಲ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಸಿಬ್ಬಂದಿ ಆರು ಜನ: ಒಬ್ಬ ಹಿರಿಯ ಮಾರಾಟಗಾರರು, ಇಬ್ಬರು ಹೊಸ ಮಾರಾಟದ ಹುಡುಗರು, ರಿಪೇರಿ ನೋಡಿಕೊಳ್ಳುವ ಸರ್ವೀಸ್ ಎಂಜಿನಿಯರ್, ಕೆಲವೇ ತಿಂಗಳ ಹಿಂದೆ ಸೇರಿದ್ದ ಒಬ್ಬ ಯುವ ಮಹಿಳಾ ಎಂಜಿನಿಯರ್, ಆಫೀಸಿನ ಲೆಕ್ಕಪತ್ರ ನೋಡುವವರೊಬ್ಬರು. ಮುಖ್ಯಸ್ಥರು ಹೋಗಿ ಬಂದು ಮಾಡುತ್ತಿದ್ದರು. ಯಾರು ಎಲ್ಲಿ ನಿಲ್ಲಬೇಕು, ಯಾರು ಯಾವಾಗ ಊಟಕ್ಕೆ ಹೋಗಬೇಕು ಎಂದು ಯಾರಿಗೂ ಹೇಳಿರಲಿಲ್ಲ. "ದೊಡ್ಡೋರು ಅಲ್ವಾ, ಅವರಿಗೇ ಗೊತ್ತಿರುತ್ತೆ" ಎಂಬುದು ಮುಖ್ಯಸ್ಥರ ನಂಬಿಕೆ.

ಎದುರಿನ ಕಂಬದ ಪಕ್ಕ ಒಂದು ಗಂಟೆ

ನಾನು ಮೊದಲು ಸ್ಟಾಲಿನ ಒಳಗೆ ಹೋಗಲಿಲ್ಲ. ಒಳಗೆ ನಿಂತವರಿಗೆ ಸ್ಟಾಲ್ ಕಾಣುವುದೇ ಇಲ್ಲ. ದಾರಿಯಲ್ಲಿ ನಡೆದು ಬರುವವರ ಕಣ್ಣಿಗೆ ಏನು ಬೀಳುತ್ತದೆ ಅನ್ನುವುದು ನನಗೆ ಬೇಕಿತ್ತು. ಎದುರಿನ ಕಂಬದ ಪಕ್ಕ ಒಂದು ಗಂಟೆ ನಿಂತೆ.

ದಾರಿಯ ಅಂಚಿಗೇ ಉದ್ದದ ಮೇಜು. ಅದರ ಮೇಲೆ ಬ್ರೋಷರ್ ರಾಶಿ, ಸ್ಯಾಂಪಲ್ ಪ್ಯಾಕೆಟ್ಟಿನ ಟ್ರೇ, ಲಕ್ಕಿ ಡ್ರಾಗೆ ವಿಸಿಟಿಂಗ್ ಕಾರ್ಡ್ ಹಾಕುವ ಗಾಜಿನ ಬಟ್ಟಲು. ಮೇಜಿನ ಹಿಂದೆ ಮೂವರು ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡುತ್ತಿದ್ದರು. ದಾರಿಗೆ ಕಾಣುತ್ತಿದ್ದದ್ದು ಬೆನ್ನು. ಸರ್ವೀಸ್ ಎಂಜಿನಿಯರ್ ಕುರ್ಚಿಯಲ್ಲಿ ಬಗ್ಗಿ ಕೂತು ಮೊಬೈಲ್ ಒತ್ತುತ್ತಿದ್ದರು. ಒಬ್ಬ ಹುಡುಗ ಬ್ಯಾನರ್ ಹಿಂದೆ ನಿಂತು ತಿಂಡಿ ತಿನ್ನುತ್ತಿದ್ದ. ಮರೆಯಲ್ಲಿದ್ದೇನೆ ಅಂದುಕೊಂಡಿದ್ದ, ಮೊಣಕೈ ಹೊರಗೆ ಕಾಣುತ್ತಿತ್ತು. ಯುವ ಎಂಜಿನಿಯರ್ ಯಂತ್ರದ ಪಕ್ಕ ಕೈಕಟ್ಟಿ ನಿಂತಿದ್ದರು. ಉಳಿದವರಿಗಿಂತ ಚಿಕ್ಕವರು, ಮಾತಾಡಲು ಅನುಮತಿಗೆ ಕಾಯುತ್ತಿರುವ ಹಾಗೆ.

ಆಗ ಒಬ್ಬ ಹೆಂಗಸು ಬಂದರು. ಐವತ್ತರ ಆಸುಪಾಸು. ಹೆಗಲಿಗೆ ಬಟ್ಟೆಯ ಚೀಲ, ಕಾಲಿಗೆ ದಿನವಿಡೀ ನಡೆಯುವವರ ಚಪ್ಪಟೆ ಚಪ್ಪಲಿ. ಅವರು ಬ್ರೋಷರ್ ಕಡೆ ನೋಡಲೇ ಇಲ್ಲ. ಯಂತ್ರದ ಸೀಲ್ ಆಗುವ ಬಾಯಿಯನ್ನು ಸ್ವಲ್ಪ ಬಗ್ಗಿ ನೋಡಿದರು. ಆಮೇಲೆ ಟ್ರೇಯಿಂದ ಒಂದು ಪ್ಯಾಕೆಟ್ ತೆಗೆದುಕೊಂಡು, ಎರಡೂ ಹೆಬ್ಬೆರಳು ಸೀಲಿನ ಅಂಚಿಗೆ ಒತ್ತಿ ನಿಧಾನವಾಗಿ ಎಳೆದರು. ಒಂದು ಸಲ. ಪ್ಯಾಕೆಟ್ ತಿರುಗಿಸಿ ಇನ್ನೊಂದು ಸಲ. ಏನೋ ಕಂಡ ಹಾಗೆ ಹುಬ್ಬು ಗಂಟಿಕ್ಕಿ ಬೆಳಕಿಗೆ ಹಿಡಿದರು. ತಲೆ ಎತ್ತಿ ಸ್ಟಾಲಿನವರ ಕಡೆ ನೋಡಿದರು.

ಹಿರಿಯ ಮಾರಾಟಗಾರರು ತಿರುಗಿದರು. ಅವರ ಕಣ್ಣು ಮೊದಲು ಹೋದದ್ದು ಆಕೆಯ ಕೊರಳಿನ ಬ್ಯಾಡ್ಜಿಗೆ. ಅದು ತಿರುಚಿಕೊಂಡಿತ್ತು, ಹೆಸರು ಕಾಣುತ್ತಿರಲಿಲ್ಲ. ಅವರು ಮತ್ತೆ ಮಾತಿಗೆ ತಿರುಗಿದರು. ಆ ಹೆಂಗಸು ಐದಾರು ಸೆಕೆಂಡ್ ನಿಂತಿದ್ದರು. ಪ್ಯಾಕೆಟ್ಟನ್ನು ಟ್ರೇಗೆ ಹಾಕಲಿಲ್ಲ, ಮೇಜಿನ ತುದಿಯಲ್ಲಿ ಬೇರೆಯಾಗಿ ಇಟ್ಟು ಹೊರಟುಹೋದರು.

ಆಕೆ ಯಾರು, ಯಾವ ಕಂಪನಿ, ಕೊಳ್ಳುವವರಾ, ಬರೀ ನೋಡುವವರಾ? ಇವತ್ತಿಗೂ ಗೊತ್ತಿಲ್ಲ. ಎರಡನೇ ದಿನವೂ ಬರಲಿಲ್ಲ, ಮೂರನೇ ದಿನವೂ ಬರಲಿಲ್ಲ.

ಮೇಜಿನ ತುದಿಯ ಪ್ಯಾಕೆಟ್

ಸಂಜೆ ಮೇಳ ಮುಚ್ಚಿದ ಮೇಲೆ ಆ ಪ್ಯಾಕೆಟ್ ಇನ್ನೂ ಅಲ್ಲೇ ಇತ್ತು. ಎತ್ತಿಕೊಂಡು ನೋಡಿದೆ. ಸೀಲಿನ ಒಂದು ಮೂಲೆ ಅರ್ಧ ಬೆರಳಿನಷ್ಟು ಬಿಟ್ಟುಕೊಂಡಿತ್ತು. ಸರ್ವೀಸ್ ಎಂಜಿನಿಯರ್ ಕೈಗೆ ಕೊಟ್ಟೆ. ಅವರು ಟ್ರೇಯಿಂದ ಇನ್ನೆರಡು ತೆಗೆದು ಎಳೆದರು. ಅವೂ ಅದೇ ಮೂಲೆಯಲ್ಲಿ ಬಿಟ್ಟುಕೊಂಡವು. ಮುಖ ಬಾಡಿತು.

ಬಿಸಿಯಿಂದ ಮಾಡುವ ಸೀಲ್ ಮೂರು ವಿಷಯದ ಮೇಲೆ ನಿಂತಿರುತ್ತದೆ: ಎಷ್ಟು ಬಿಸಿ, ಎಷ್ಟು ಒತ್ತಡ, ಎಷ್ಟು ಹೊತ್ತು ಒತ್ತಿ ಹಿಡಿಯುತ್ತೀರಿ. ಬೆಳಿಗ್ಗೆ ಬಾಗಿಲು ತೆರೆಯುವ ಗಡಿಬಿಡಿಯಲ್ಲಿ ಯಂತ್ರ ಪೂರ್ತಿ ಕಾಯುವ ಮೊದಲೇ ಸ್ಯಾಂಪಲ್ ಹೊಡೆದಿದ್ದರು. ಸೀಲ್ ಮಾಡುವ ಪಟ್ಟಿಯ ಒಂದು ತುದಿ ಇನ್ನೂ ತಣ್ಣಗಿತ್ತು. ಯಂತ್ರದಲ್ಲಿ ದೋಷವಿಲ್ಲ. ಆದರೆ ದಿನವಿಡೀ, ಬಂದವರ ಕೈಗೆಲ್ಲ, "ನಮ್ಮ ಸೀಲ್ ಗಟ್ಟಿ" ಎಂದು ಬರೆದ ಬೋರ್ಡಿನ ಕೆಳಗೆ, ಬಿಟ್ಟುಕೊಳ್ಳುವ ಪ್ಯಾಕೆಟ್ ಕೊಟ್ಟಿದ್ದರು.

ಆರು ಜನರಲ್ಲಿ ಯಾರೂ ನೋಡದ್ದನ್ನು ಆ ಹೆಂಗಸು ಒಂದು ನಿಮಿಷದಲ್ಲಿ ನೋಡಿದ್ದರು. ಹೇಳಲು ತಲೆಯನ್ನೂ ಎತ್ತಿದ್ದರು. ಒಬ್ಬರು "ಏನಾದರೂ ಕಂಡಿತಾ?" ಎಂದು ಕೇಳಿದ್ದರೆ ಸಾಕಿತ್ತು.

ಸ್ಟಾಲಿನ ಶಿಷ್ಟಾಚಾರ ಅಂದಾಗ ನಾನು ಹೇಳುವುದು ಇದನ್ನೇ. ಬಹಳ ಜನ ಇದನ್ನು ನಗುಮುಖ, ಇಸ್ತ್ರಿ ಮಾಡಿದ ಅಂಗಿ, ಕೈಕುಲುಕುವ ರೀತಿ ಅಂದುಕೊಂಡಿದ್ದಾರೆ. ಅದೂ ಬೇಕು. ಆದರೆ ಎದುರಿಗೆ ನಿಂತವರು ಏನೋ ಹೇಳಲು ಬಂದಿರಬಹುದು ಅನ್ನುವ ಎಚ್ಚರ ಅದಕ್ಕಿಂತ ಮೊದಲು ಬೇಕು.

ಆ ಸಂಜೆ ನಾನು ಕಂಡದ್ದನ್ನು ಹೇಳಿದಾಗ ಮುಖ್ಯಸ್ಥರಿಗೆ ಸಿಟ್ಟು ಬಂತು. "ಇವರಿಗೆ ಕಾಳಜಿನೇ ಇಲ್ಲ" ಅಂದರು. ಯುವ ಎಂಜಿನಿಯರ್ ಮೆಲ್ಲಗೆ ಬಾಯಿ ಬಿಟ್ಟರು: "ಸರ್, ನಾನು ಆ ಮೇಡಂನ ನೋಡಿದೆ. ಅವರು ಸೀಲ್ ಎಳೀತಿದ್ದಿದ್ದೂ ನೋಡಿದೆ. ಸೇಲ್ಸ್‌ನವರು ಮಾತಾಡಿಸ್ತಾರೆ ಅಂದ್ಕೊಂಡೆ." ಮಾರಾಟದ ಹುಡುಗ, "ನಾನು ಯಂತ್ರದ ಹತ್ರ ಇದ್ದೋರು ಮಾತಾಡಿಸ್ತಾರೆ ಅಂದ್ಕೊಂಡೆ" ಅಂದ.

ಕಾಳಜಿ ಇಲ್ಲದ ಮಾತಲ್ಲ ಇದು. ಆರು ಜನರೂ ಒಳ್ಳೆಯವರೇ. ಆದರೆ ಆ ಹೆಂಗಸು ಯಾರ ಪಾಲಿಗೂ ಬಂದಿರಲಿಲ್ಲ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲ್ಯಾಟನೆ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಬೇರೆ ಕೋಣೆಯಿಂದ, ಇಂಟರ್‌ಕಾಮ್‌ನಲ್ಲಿ, ಮೂರ್ಛೆರೋಗದ ಸೆಳೆತ ಬಂದವರೊಬ್ಬರ ದನಿ ಕೇಳಿಸುತ್ತದೆ. ಕೇಳಿಸಿಕೊಳ್ಳುತ್ತಿರುವುದು ತಾನೊಬ್ಬನೇ ಎಂದುಕೊಂಡವರಲ್ಲಿ ಶೇಕಡಾ 85 ಜನ ಆ ದನಿ ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಎದ್ದವರು ಶೇಕಡಾ 31. ಮೂರ್ಛೆಗೂ ಸ್ಟಾಲಿಗೂ ಹೋಲಿಕೆ ಇಲ್ಲ, ನಿಜ. ಆದರೆ ಜನ ಜಾಸ್ತಿಯಾದಷ್ಟೂ "ಬೇರೆಯವರು ನೋಡಿಕೊಳ್ಳುತ್ತಾರೆ" ಅನ್ನುವ ಭಾವನೆ ಹೆಚ್ಚುವುದನ್ನು ನಾನು ಸ್ಟಾಲುಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಆವತ್ತು ರಾತ್ರಿ ಇದನ್ನು ನಾನು ಇಷ್ಟು ಸ್ಪಷ್ಟವಾಗಿ ಹೇಳಲಿಲ್ಲ. ಅದು ನನ್ನ ತಪ್ಪು. ಮುಖ್ಯಸ್ಥರು ನಿಯಮಗಳ ಪಟ್ಟಿ ಮಾಡೋಣ ಅಂದರು, ನಾನು ಒಪ್ಪಿಕೊಂಡೆ.

ಮೊದಲ ಪ್ರಯತ್ನ, ಕೆಟ್ಟುಹೋದದ್ದು

ಎರಡನೇ ದಿನ ಬೆಳಿಗ್ಗೆ ಪಟ್ಟಿ ಓದಲಾಯಿತು. ಕೂರಬಾರದು. ಮೊಬೈಲ್ ಮುಟ್ಟಬಾರದು. ತಿನ್ನಬಾರದು. ತಮ್ಮತಮ್ಮಲ್ಲಿ ಮಾತಾಡಬಾರದು. ದಾರಿಯಲ್ಲಿ ಹೋಗುವ ಪ್ರತಿಯೊಬ್ಬರನ್ನೂ ಮಾತಾಡಿಸಬೇಕು.

ಒಂದು ಗಂಟೆಯಲ್ಲಿ ಸ್ಟಾಲ್ ಹಿಂದಿನ ದಿನಕ್ಕಿಂತ ಕೆಟ್ಟದಾಗಿ ಕಂಡಿತು. ಆರು ಜನ ಅಂಚಿನಲ್ಲಿ ಸಾಲಾಗಿ ನಿಂತಿದ್ದರು, ಪಹರೆಯವರ ಹಾಗೆ. ದೂರದಿಂದ ಬರುವವರು ಆ ಸಾಲನ್ನು ನೋಡಿ ದಾರಿಯ ಆಚೆ ಬದಿಗೆ ಸರಿದು ಹೋಗುತ್ತಿದ್ದರು. ಈಚೆ ಬಂದವರಿಗೆ ಎರಡು ಮೂರು ಬಾಯಿಂದ ಒಟ್ಟಿಗೆ "ನಮಸ್ಕಾರ, ಏನು ಸಹಾಯ ಬೇಕಿತ್ತು?" ಎಂಬ ಪ್ರಶ್ನೆ. "ಸುಮ್ನೆ ನೋಡ್ತಿದ್ದೀನಿ" ಎಂಬ ಉತ್ತರ. ಆ ಪ್ರಶ್ನೆಗೆ ಬೇರೆ ಉತ್ತರ ಬರುವುದು ಅಪರೂಪ. ಬಂದವರಿಗೆ ಏನು ಸಹಾಯ ಬೇಕೆಂದು ಅವರಿಗೇ ಇನ್ನೂ ಗೊತ್ತಿರುವುದಿಲ್ಲ, ನಿಮ್ಮಲ್ಲಿ ಏನಿದೆ ಅನ್ನುವುದೂ ಗೊತ್ತಿರುವುದಿಲ್ಲ.

ದೂರದ ವಿಷಯವೂ ಇದೆ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1960ರ ದಶಕದಲ್ಲಿ ಜನ ಒಬ್ಬರಿಂದೊಬ್ಬರು ಎಷ್ಟು ದೂರ ನಿಲ್ಲುತ್ತಾರೆಂದು ಅಳೆದು ಬರೆದರು. ಅವರು ನೋಡಿದ ಅಮೆರಿಕನ್ನರಲ್ಲಿ ಸ್ನೇಹಿತರ ಮಾತಿನ ದೂರ 45 ಸೆಂಟಿಮೀಟರ್‌ನಿಂದ 1.2 ಮೀಟರ್, ಅಪರಿಚಿತರೊಂದಿಗಿನ ವ್ಯವಹಾರದ ದೂರ 1.2 ಮೀಟರ್‌ನಿಂದ 3.6 ಮೀಟರ್. ಬೇರೆ ಬೇರೆ ಸಮಾಜದಲ್ಲಿ ಈ ಅಳತೆ ಬೇರೆಯಾಗುತ್ತದೆ ಎಂದೂ ಹಾಲ್ ಹೇಳಿದ್ದರು. ಅಳತೆ ಏನೇ ಇರಲಿ, ಯಾವ ಊರಿನವರಿಗೂ ಪರಿಚಯವಿಲ್ಲದವರು ಏಕಾಏಕಿ ಮೈಮೇಲೆ ಬಂದರೆ ಹಿಡಿಸುವುದಿಲ್ಲ. ನಮ್ಮ ಹುಡುಗರು ಬ್ರೋಷರ್ ಹಿಡಿದ ಕೈಯನ್ನು ಜನರ ಎದೆಯ ಹತ್ತಿರಕ್ಕೇ ಚಾಚುತ್ತಿದ್ದರು.

ಹನ್ನೊಂದೂವರೆಗೆ ಸರ್ವೀಸ್ ಎಂಜಿನಿಯರ್ ಮತ್ತೆ ಮೊಬೈಲ್ ತೆಗೆದರು. ನಾನು ಎಲ್ಲರ ಎದುರಿಗೇ, "ಬೆಳಿಗ್ಗೆ ತಾನೇ ಹೇಳಿದ್ದಲ್ವಾ?" ಅಂದುಬಿಟ್ಟೆ. ಅವರು ಏನೂ ಅನ್ನದೆ ಸ್ಕ್ರೀನ್ ತೋರಿಸಿದರು. ಒಬ್ಬ ಹಳೆಯ ಗ್ರಾಹಕರ ಕಾರ್ಖಾನೆಯಲ್ಲಿ ಯಂತ್ರ ನಿಂತಿತ್ತು. ಯಾವ ಸ್ಕ್ರೂ ಸಡಿಲಿಸಬೇಕು ಎಂದು ಅವರು ಫೋಟೋದ ಮೇಲೆ ಗುರುತು ಹಾಕಿ ಕಳಿಸುತ್ತಿದ್ದರು. ಹಿಂದಿನ ದಿನ ನಾನು ಕಂಬದ ಪಕ್ಕದಿಂದ ನೋಡಿ "ಸುಮ್ನೆ ಕೂತಿದ್ದಾರೆ" ಎಂದು ಬರೆದುಕೊಂಡಿದ್ದೆನಲ್ಲ, ಆಗಲೂ ಇದೇ ಕೆಲಸದಲ್ಲಿದ್ದರಂತೆ. ಅಲ್ಲೇ, ಎಲ್ಲರ ಎದುರಿಗೇ, ಕ್ಷಮೆ ಕೇಳಿದೆ.

ಅದೊಂದು ತಿರುವು. ದಾರಿಯಲ್ಲಿ ಹೋಗುವವರಿಗೆ ಫೋಟೋ, ಸ್ಕ್ರೂ ಏನೂ ಕಾಣುವುದಿಲ್ಲ, ತಲೆ ಬಗ್ಗಿಸಿ ಮೊಬೈಲ್ ನೋಡುವ ಒಬ್ಬರು ಕಾಣುತ್ತಾರೆ. ಅದು ನಿಜ. ಆದರೆ ಯಂತ್ರ ನಿಂತುಹೋದ ಗ್ರಾಹಕರ ಫೋನ್ ಎತ್ತಬೇಡಿ ಎನ್ನುವುದೂ ಸರಿಯಲ್ಲ. ನಿಯಮ ಹಾಕಿ ಬಿಟ್ಟರೆ ಎರಡರಲ್ಲಿ ಒಂದು ಕೆಡುತ್ತದೆ. ಆ ಕೆಲಸಕ್ಕೆ ಸ್ಟಾಲಿನ ಹೊರಗೆ ಒಂದು ಜಾಗ, ಒಂದು ಹೊತ್ತು ಮಾಡಿಕೊಡಬೇಕಿತ್ತು.

ಊಟದ ಹೊತ್ತಿನ ತೀರ್ಮಾನಗಳು

ಮಧ್ಯಾಹ್ನ ಜನ ಕಡಿಮೆಯಾದಾಗ ಇಬ್ಬರನ್ನು ಸ್ಟಾಲಿನಲ್ಲಿ ಬಿಟ್ಟು ಉಳಿದವರು ಸಭಾಂಗಣದ ಹೊರಗೆ ಮೆಟ್ಟಿಲ ಮೇಲೆ ಕೂತೆವು. ಈ ಸಲ ನಾನು ಹೇಳಲಿಲ್ಲ, ಕೇಳಿದೆ. ಕಾಲು ನೋವು ಎಂದರು. ಗಟ್ಟಿ ನೆಲ, ಮೇಲೆ ತೆಳು ಕಾರ್ಪೆಟ್, ಎಂಟು ಗಂಟೆ ನಿಂತು ನಿಂತು ಸೊಂಟ ಹಿಡಿದಿತ್ತು. ಯಾವಾಗ ಬಿಡುವು ಸಿಗುತ್ತದೆ ಎಂದು ಗೊತ್ತಿಲ್ಲದೆ ಇಡೀ ದಿನ ಕಾಯುವುದೇ ಜಾಸ್ತಿ ಸುಸ್ತು ಎಂದು ಒಬ್ಬ ಹುಡುಗ ಹೇಳಿದ. ಅದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಮೊದಲ ತೀರ್ಮಾನ: ಒಂದು ಹೊತ್ತಿಗೆ ಸ್ಟಾಲಿನಲ್ಲಿ ಮೂವರೇ. ಓಡಾಡಲು ಖಾಲಿ ಇರುವ ಜಾಗದಲ್ಲಿ ಸುಮಾರು 5 ಚದರ ಮೀಟರ್‌ಗೆ ಒಬ್ಬರು ಎನ್ನುವುದು ಈ ಕೆಲಸದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಅಂದಾಜು. ಇವರ ಸ್ಟಾಲ್ 18 ಚದರ ಮೀಟರ್. ಯಂತ್ರ, ಮೇಜು ಕಳೆದರೆ ಹನ್ನೆರಡರಷ್ಟು ಉಳಿಯುತ್ತಿತ್ತು. ಎರಡು, ಹೆಚ್ಚೆಂದರೆ ಮೂರು ಜನರ ಜಾಗ. ಆರು ಜನ ನಿಂತರೆ ಬಂದವರಿಗೇ ಜಾಗವಿಲ್ಲ. ಹಾಗಾಗಿ ಎರಡು ತಂಡ, ಎರಡೆರಡು ಗಂಟೆಯ ಪಾಳಿ. ಬಿಡುವಿನಲ್ಲಿರುವವರು ಸ್ಟಾಲಿನಲ್ಲಿ ಇರಲೇಬಾರದು. ಊಟ, ಫೋನ್, ಕೂರುವುದು, ಹರಟೆ ಎಲ್ಲ ಹೊರಗೆ, ಯಾವ ಅಳುಕೂ ಇಲ್ಲದೆ.

ಹಿರಿಯ ಮಾರಾಟಗಾರರಿಗೆ ಇದು ಇಷ್ಟವಾಗಲಿಲ್ಲ. ಮೊದಲ ಬಿಡುವು ಅವರದೆಂದಾಗ ಮುಖ ಕೆಂಪಾಯಿತು. "ಇಪ್ಪತ್ತು ವರ್ಷದಿಂದ ನಿಂತಿದ್ದೀನಿ. ಈಗ ನನ್ನನ್ನ ಹೊರಗೆ ಕಳಿಸ್ತೀರಾ?" ಅಂದರು. ಅವರ ನೋವು ನನಗೆ ಅರ್ಥವಾಯಿತು. ಇಂಥ ಕಡೆ ಅನುಭವಸ್ಥರನ್ನು ಪಕ್ಕಕ್ಕಿಟ್ಟ ಹಾಗೆ ಅನಿಸಿದರೆ ಇಡೀ ತಂಡ ಕೆಡುತ್ತದೆ. ಮುಖ್ಯಸ್ಥರು ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಿದರು. ಅವರ ಪಕ್ಕಕ್ಕೆ ಬಂದು ಕೂತು, "ನೀವೇ ಕಂಬದ ಹತ್ರ ಒಂದು ಗಂಟೆ ನಿಂತು ನೋಡಿ ಸರ್, ಏನು ಸರಿ ಮಾಡ್ಬೇಕು ಅಂತ ನೀವೇ ಹೇಳಿ" ಅಂದರು. ಹಿರಿಯರು ಹೋಗಿ ನಿಂತರು. ಅರ್ಧ ಗಂಟೆಗೇ ವಾಪಸ್ ಬಂದರು. "ಮೇಜು ತೆಗೀರಿ" ಅಂದರು.

ಮೇಜು ಗೋಡೆಯಂತಿದೆ ಎಂದು ನಾನೂ ಬರೆದುಕೊಂಡಿದ್ದೆ. ಅವರ ಬಾಯಿಂದ ಬಂದದ್ದರಿಂದ ಹತ್ತೇ ನಿಮಿಷದಲ್ಲಿ ಅದು ಹಿಂದಿನ ಗೋಡೆಗೆ ಹೋಯಿತು. ಬಂದವರು ಯಂತ್ರದವರೆಗೆ ನಡೆದು ಬರುವಂತಾಯಿತು.

ಎರಡನೇ ತೀರ್ಮಾನ ಪಾಲು ಹಂಚಿದ್ದು. ಮೂವರಲ್ಲಿ ಒಬ್ಬರು ಅಂಚಿನವರು. ಬಂದವರನ್ನು ಮೊದಲು ನೋಡುವುದು ಅವರ ಕೆಲಸ, ಬೇರೆ ಯಾರದೂ ಅಲ್ಲ. ಇನ್ನೊಬ್ಬರು ಯಂತ್ರದ ಹತ್ತಿರ. ಮೂರನೆಯವರು ಕೂತು ಮಾತಾಡಬೇಕಾದವರೊಂದಿಗೆ. ಅಂಚಿನವರು ದಾರಿಗೆ ಅಡ್ಡ ನಿಲ್ಲಬಾರದು, ಸ್ವಲ್ಪ ಒಳಗೆ, ಓರೆಯಾಗಿ, ಕೈ ಬಿಟ್ಟು ನಿಲ್ಲಬೇಕು. ಯಾರಾದರೂ ನಿಂತರೆ ಕಣ್ಣು ಸೇರಿಸಿ ಸಣ್ಣದಾಗಿ ತಲೆಯಾಡಿಸಿ, ಅವರು ಯಂತ್ರವನ್ನೋ ಪ್ಯಾಕೆಟ್ಟನ್ನೋ ನೋಡಲು ಕೆಲವು ಉಸಿರಿನಷ್ಟು ಹೊತ್ತು ಬಿಡಬೇಕು. ಆಮೇಲೆ ಮಾತು.

ಮಾತು ಯಾವುದು? ಇದಕ್ಕೆ ತುಂಬಾ ಹೊತ್ತು ಹಿಡಿಯಿತು. ಕೊನೆಗೆ ಸಿಕ್ಕ ಪ್ರಶ್ನೆ ತೀರಾ ಸರಳ: "ನೀವು ಏನು ಪ್ಯಾಕ್ ಮಾಡ್ತೀರಿ?" ಇದಕ್ಕೆ "ಸುಮ್ನೆ ನೋಡ್ತಿದ್ದೀನಿ" ಎಂದು ಹೇಳಲು ಆಗುವುದಿಲ್ಲ. ಉತ್ತರ ಬಂದವರ ಕೆಲಸದಲ್ಲೇ ಇದೆ. "ಏನೂ ಪ್ಯಾಕ್ ಮಾಡಲ್ಲ, ಓದ್ತಿದ್ದೀನಿ" ಎಂದರೂ ಅದೊಂದು ಉತ್ತರ, ಅದಕ್ಕೆ ತಕ್ಕ ಹಾಗೆ ಮುಂದೆ ಹೋಗಬಹುದು.

ಮೂರನೆಯದು ಲಕ್ಕಿ ಡ್ರಾ ಬಟ್ಟಲು ತೆಗೆದದ್ದು. ಬರೆದು ಹಾಕಿದ ಮಾತು ಉಳಿಸಿಕೊಳ್ಳಬೇಕಲ್ಲ, ಕಾರ್ಡ್ ಹಾಕಿದವರಿಗಾಗಿ ಅಂದೇ ಸಂಜೆ ಚೀಟಿ ಎತ್ತಿ ಬಹುಮಾನ ಕೊಟ್ಟು ಮುಗಿಸಿದರು. ಬದಲಿಗೆ ಒಂದು ಸಣ್ಣ ಚೀಟಿ ಪುಸ್ತಕ. ಮಾತು ಮುಗಿದ ತಕ್ಷಣ, ಇನ್ನೊಬ್ಬರನ್ನು ಮಾತಾಡಿಸುವ ಮೊದಲು, ಮೂರು ಸಾಲು: ಏನು ಪ್ಯಾಕ್ ಮಾಡುತ್ತಾರೆ, ಈಗ ಏನು ತೊಂದರೆ, ನಾವು ಏನು ಕಳಿಸುತ್ತೇವೆ ಎಂದು ಹೇಳಿದ್ದೇವೆ. ಬಂದವರ ಎದುರಿಗೇ, ಅವರಿಗೆ ಕಾಣುವ ಹಾಗೆ ಬರೆಯಿರಿ ಎಂದೆ. ಫೋನ್ ಮಾಡಬಹುದಾ ಎಂದು ಕೇಳಿಯೇ ನಂಬರ್ ಬರೆದುಕೊಳ್ಳಿ ಎಂದೂ ಹೇಳಿದೆ.

ಇನ್ನು ಬೆಳಗಿನ ಸ್ಯಾಂಪಲ್. ಬಾಗಿಲು ತೆರೆಯುವ ಅರ್ಧ ಗಂಟೆ ಮೊದಲೇ ಯಂತ್ರ ಕಾಯಿಸಿ, ಎಳೆದು ನೋಡಿ, ಆಮೇಲೆ ಟ್ರೇ ತುಂಬುವ ಜವಾಬ್ದಾರಿ ಸರ್ವೀಸ್ ಎಂಜಿನಿಯರ್ ತಾವೇ ತೆಗೆದುಕೊಂಡರು.

ಏನಾಯಿತು

ಎರಡನೇ ದಿನದ ಮಧ್ಯಾಹ್ನದ ಒಂದು ಮಾತುಕತೆಯನ್ನು ಹತ್ತಿರದಿಂದ ಕೇಳಿಸಿಕೊಂಡೆ. ಯುವ ಎಂಜಿನಿಯರ್ ಅಂಚಿನಲ್ಲಿದ್ದರು. ಒಬ್ಬ ವಯಸ್ಸಾದವರು ಯಂತ್ರದ ಮುಂದೆ ನಿಂತರು. ಈಕೆ ತಲೆಯಾಡಿಸಿ ಕಾದರು. ಅವರು ತಾವಾಗಿಯೇ ಯಂತ್ರದ ಹಿಂಬದಿಗೆ ಹೋಗಿ ಬಗ್ಗಿ ನೋಡಿದರು.

"ನೀವು ಏನು ಪ್ಯಾಕ್ ಮಾಡ್ತೀರಿ ಸರ್?"

"ಸಣ್ಣ ಪುಡಿ. ಹಾರುತ್ತೆ. ಸೀಲ್ ಮೇಲೆ ಕೂತ್ಕೊಳ್ಳುತ್ತೆ."

"ಕೂತ್ಕೊಂಡ್ರೆ ಸೀಲ್ ಹಿಡಿಯಲ್ಲ, ಅಲ್ವಾ? ಈಗ ಏನ್ ಮಾಡ್ತೀರಿ?"

"ಏನ್ ಮಾಡೋದು ಮಗಳೇ, ಎರಡು ಸಲ ಹೊಡೀತೀವಿ."

ಆಕೆ ನಕ್ಕರು, ಅವರೂ ನಕ್ಕರು. ಆಮೇಲೆ ಆಕೆ ಬಹಳ ಜನ ಮಾಡದ ಕೆಲಸ ಮಾಡಿದರು. "ನಮ್ಮ ಯಂತ್ರದಲ್ಲಿ ಅದು ಪೂರ್ತಿ ಸರಿ ಹೋಗುತ್ತೆ ಅಂತ ನಾನು ಹೇಳಲಾರೆ. ನಿಮ್ಮ ಪುಡಿ ಸ್ವಲ್ಪ ಕಳಿಸಿದ್ರೆ ಹೊಡೆದು ನೋಡಿ, ಆ ಪ್ಯಾಕೆಟ್ಟೇ ವಾಪಸ್ ಕಳಿಸ್ತೀವಿ" ಎಂದರು. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನದಿರುವುದು, ಮಾಡಿ ತೋರಿಸುತ್ತೇವೆ ಎನ್ನುವುದು. ಆ ವಯಸ್ಸಾದವರು ಪಕ್ಕದ ಪ್ರತಿಸ್ಪರ್ಧಿಯ ಯಂತ್ರದ ಬಗ್ಗೆ ಕೆದಕಿದಾಗಲೂ ಆಕೆ, "ಅವರದೂ ಒಮ್ಮೆ ನೋಡಿ, ನಿಮ್ಮ ಪುಡಿ ಅವರಿಗೂ ಕೊಟ್ಟು ನೋಡಿ" ಎಂದರು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹಿಂದಿನ ದಿನ ಕೈಕಟ್ಟಿ ನಿಂತಿದ್ದವರು ಇವರೇ ಎಂದರೆ ನಂಬುವುದು ಕಷ್ಟ.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಒಬ್ಬರು ಮುಕ್ಕಾಲು ಗಂಟೆ ತಮ್ಮ ಹಳೆಯ ಯಂತ್ರದ ಕಥೆ ಹೇಳಿದರು. ಮಾರಾಟದ ಹುಡುಗನಿಗೆ ಬಿಡಿಸಿಕೊಳ್ಳಲು ಬರಲಿಲ್ಲ, ಅವರ ಹೆಗಲ ಮೇಲಿಂದ ದಾರಿ ಕಡೆ ನೋಡುತ್ತಾ ನಿಂತ. ಮಾತಾಡುತ್ತಿರುವವರಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಆಮೇಲೆ ಹಿರಿಯರು ಅವನಿಗೆ ತೋರಿಸಿಕೊಟ್ಟರು: ಚೀಟಿ ತೆಗೆದು, ಅವರು ಹೇಳಿದ್ದನ್ನು ಎರಡು ಸಾಲಲ್ಲಿ ಓದಿ ಹೇಳಿ, "ಇಷ್ಟು ಸರಿ ತಾನೇ? ಸೋಮವಾರ ಫೋನ್ ಮಾಡ್ತೀನಿ" ಎಂದು ಕೈಕುಲುಕಿ, ನಾಲ್ಕು ಹೆಜ್ಜೆ ಜೊತೆಗೆ ನಡೆದು ಬಿಟ್ಟು ಬರುವುದು. ಮಾತು ಕತ್ತರಿಸಿದ ಹಾಗಲ್ಲ, ಮನೆಗೆ ಬಂದವರನ್ನು ಬಾಗಿಲ ತನಕ ಕಳಿಸಿಕೊಟ್ಟ ಹಾಗೆ. ನಾನು ಆ ವಿಧಾನವನ್ನು ಈಗ ಎಲ್ಲ ಕಡೆ ಹೇಳಿಕೊಡುತ್ತೇನೆ.

ಪಕ್ಕದ ಸ್ಟಾಲಿನವರೊಂದಿಗೂ ಒಂದು ಕಿರಿಕಿರಿ ಆಯಿತು. ಡೆಮೊ ಹೊತ್ತಿಗೆ ನಮ್ಮಲ್ಲಿ ಸೇರಿದ ಜನ ಅವರ ಮುಂಭಾಗ ಮುಚ್ಚಿಬಿಡುತ್ತಿದ್ದರು. ಅವರು ಬಂದು ಹೇಳಿದಾಗ ಮುಖ್ಯಸ್ಥರು ವಾದ ಮಾಡಲಿಲ್ಲ. ಯಂತ್ರವನ್ನು ಒಳಗಡೆಗೆ ತಿರುಗಿಸಿದರು, ಡೆಮೊ ಸಮಯವನ್ನು ಅವರಿಗೆ ಮೊದಲೇ ತಿಳಿಸುವ ಏರ್ಪಾಡಾಯಿತು. ಮೂರನೇ ದಿನ ಆ ಪಕ್ಕದವರೇ ಇಬ್ಬರನ್ನು ನಮ್ಮ ಕಡೆ ಕಳಿಸಿದರು.

ಮೂರನೇ ದಿನದ ಕೊನೆಯ ಗಂಟೆ. ಸುತ್ತಲೂ ಟೇಪ್ ಎಳೆಯುವ ಸದ್ದು ಶುರುವಾಗಿತ್ತು. ಮುಚ್ಚುವ ಹೊತ್ತಿಗೆ ಮೊದಲೇ ಸ್ಟಾಲ್ ಬಿಚ್ಚಬಾರದೆಂದು ಬಹುತೇಕ ಮೇಳಗಳ ನಿಯಮದಲ್ಲಿ ಇರುತ್ತದೆ, ಇಲ್ಲೂ ಇತ್ತು. ಆದರೂ ಎಲ್ಲರೂ ಬಿಚ್ಚುತ್ತಿದ್ದರು. ಮುಖ್ಯಸ್ಥರೂ ಪೆಟ್ಟಿಗೆ ತರಿಸಿದರು. "ಬೇಡ ಸರ್, ಇನ್ನೂ ಐವತ್ತು ನಿಮಿಷ ಇದೆ" ಎಂದು ತಡೆದದ್ದು ಹಿರಿಯ ಮಾರಾಟಗಾರರು. ಆ ಐವತ್ತು ನಿಮಿಷದಲ್ಲಿ ಬಂದವರು ಮೂವರು. ಒಬ್ಬ ವಿದ್ಯಾರ್ಥಿ, ಪಕ್ಕದ ಸಾಲಿನ ಸ್ಟಾಲಿನ ಒಬ್ಬರು, ದಾರಿ ತಪ್ಪಿ ಬಂದ ಒಬ್ಬರು. ವ್ಯಾಪಾರ ಏನೂ ಆಗಲಿಲ್ಲ. ದಾರಿ ತಪ್ಪಿದವರನ್ನು ಹುಡುಗ ಅವರು ಹುಡುಕುತ್ತಿದ್ದ ಸ್ಟಾಲಿನ ತನಕ ಕರೆದುಕೊಂಡು ಹೋಗಿ ಬಿಟ್ಟುಬಂದ. ನನ್ನ ಪ್ರಕಾರ ಆ ಐವತ್ತು ನಿಮಿಷ ಸರಿಯಾಗಿಯೇ ಬಳಕೆಯಾಯಿತು.

ಲೆಕ್ಕ ಹಾಕಿದಾಗ

ಮೊದಲ ದಿನದ ಗಾಜಿನ ಬಟ್ಟಲಿನಲ್ಲಿ ನೂರಕ್ಕೂ ಜಾಸ್ತಿ ಕಾರ್ಡು. ಮೂರನೇ ದಿನದ ಚೀಟಿ ಪುಸ್ತಕದಲ್ಲಿ ಮೂವತ್ತರ ಸುಮಾರು. ಮುಖ್ಯಸ್ಥರಿಗೆ ಮೊದಲು ಇದು ಸೋಲಿನ ಹಾಗೆ ಕಂಡಿತು. ಮೇಳ ಮುಗಿದ ಎರಡು ದಿನದೊಳಗೆ ಎಲ್ಲರಿಗೂ ಫೋನ್ ಮಾಡಲು ಕೂತರು. ಬಟ್ಟಲಿನ ಕಾರ್ಡಿನವರಲ್ಲಿ ಬಹುಪಾಲು ಜನಕ್ಕೆ ಕಂಪನಿಯ ನೆನಪೇ ಇರಲಿಲ್ಲ, ಬಹುಮಾನ ಬಂತಾ ಎಂದು ಕೇಳಿದರು. ಫೋನ್ ಮಾಡಿದವರಿಗೂ ಏನು ಮಾತಾಡಬೇಕೆಂದು ತೋಚಲಿಲ್ಲ. ಚೀಟಿಯವರಿಗೆ ಫೋನ್ ಮಾಡಿದಾಗ ಮೊದಲ ಮಾತೇ ಅವರ ತೊಂದರೆಯ ಮೇಲಿತ್ತು. "ಆ ಹಾರೋ ಪುಡಿ ವಿಷಯ ಸರ್" ಎಂದ ಕೂಡಲೇ ಆ ಕಡೆಯವರು "ಹಾ, ಹೇಳಿ" ಎನ್ನುತ್ತಿದ್ದರು. ಅರ್ಧಕ್ಕಿಂತ ಹೆಚ್ಚಿನವರೊಂದಿಗೆ ಮಾತು ಮುಂದುವರಿಯಿತು.

ಇದನ್ನು ಓದುವವರು ಒಂದು ವಿಷಯ ಗಮನಿಸಬೇಕು. ಮೊದಲ ದಿನಕ್ಕೂ ಮೂರನೇ ದಿನಕ್ಕೂ ನೇರ ಹೋಲಿಕೆ ಸರಿಯಲ್ಲ. ಬಂದ ಜನ ಬೇರೆ, ಗದ್ದಲ ಬೇರೆ. ಮೇಜು ತೆಗೆದದ್ದರಿಂದ ಎಷ್ಟು, ಪಾಳಿಯಿಂದ ಎಷ್ಟು, ಪ್ರಶ್ನೆಯಿಂದ ಎಷ್ಟು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಒಂದನ್ನು ಮಾತ್ರ ಧೈರ್ಯವಾಗಿ ಹೇಳುತ್ತೇನೆ: ಜನ ಅದೇ ಆರು ಜನ. ಬದಲಾಗಿದ್ದು ಅವರು ನಿಲ್ಲುವ ವ್ಯವಸ್ಥೆ. ಸಿಬ್ಬಂದಿಗೆ ಕೂರಬೇಡಿ, ಮೊಬೈಲ್ ನೋಡಬೇಡಿ, ತಿನ್ನಬೇಡಿ ಎನ್ನುವ ಮುಖ್ಯಸ್ಥರು ಮೊದಲು ಅವರಿಗೆ ಕೂರಲು, ತಿನ್ನಲು, ಫೋನ್ ಮಾಡಲು ಎಲ್ಲಿ ಜಾಗ ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು. ನಾನು ಎರಡನೇ ದಿನ ಬೆಳಿಗ್ಗೆ ಅದನ್ನು ಕೇಳಿಕೊಳ್ಳಲಿಲ್ಲ, ಅರ್ಧ ದಿನ ಹಾಳಾಯಿತು.

ಬ್ಯಾಡ್ಜಿನ ವಿಷಯ ಹಿರಿಯ ಮಾರಾಟಗಾರರೇ ಕೊನೆಯ ಸಂಜೆ ಎತ್ತಿದರು. "ನಾನು ಆವತ್ತು ಅವರ ಮುಖ ನೋಡಿದ್ರೆ ಗೊತ್ತಾಗ್ತಿತ್ತು, ಏನೋ ಹೇಳ್ಬೇಕು ಅಂತ ನಿಂತಿದ್ರು ಅಂತ" ಅಂದರು. ಬ್ಯಾಡ್ಜ್ ನೋಡಲೇಬಾರದು ಎಂದಲ್ಲ. ಹೆಸರು ಹಿಡಿದು ಮಾತಾಡಿಸಲು ಅದು ಬೇಕು. ಆದರೆ ಮೊದಲ ನೋಟ ಅಲ್ಲಿಗೆ ಹೋದರೆ, ಎದುರಿಗಿರುವವರಿಗೆ ತಮ್ಮನ್ನು ತೂಗುತ್ತಿದ್ದಾರೆಂದು ಆ ಕ್ಷಣಕ್ಕೇ ಗೊತ್ತಾಗುತ್ತದೆ.

ಮುಂದಿನ ಮೇಳಕ್ಕೆ ಆ ಕಂಪನಿ ಐದು ಜನರನ್ನು ಕಳಿಸಿತು. ಪಾಳಿಯ ಪಟ್ಟಿಯನ್ನು ಯುವ ಎಂಜಿನಿಯರ್ ಬರೆದರು, ಹಿರಿಯರು ತಿದ್ದಿದರು. ನನ್ನನ್ನು ಕರೆಯಲಿಲ್ಲ, ಕರೆಯುವ ಅಗತ್ಯವೂ ಇರಲಿಲ್ಲ. ಸಂದರ್ಶಕರಂತೆ ಸುಮ್ನೆ ಹೋಗಿ ಎದುರುಗಡೆ ನಿಂತು ನೋಡಿದೆ. ಟ್ರೇಯಲ್ಲಿ ಪ್ಯಾಕೆಟ್ಟುಗಳಿದ್ದವು. ಪಕ್ಕದಲ್ಲಿ ಕೈಬರಹದ ಒಂದು ಸಣ್ಣ ಚೀಟಿ ಅಂಟಿಸಿದ್ದರು: "ಎಳೆದು ನೋಡಿ. ಬಿಟ್ಟುಕೊಂಡರೆ ನಮಗೆ ಹೇಳಿ." ನಾನು ಒಂದು ಪ್ಯಾಕೆಟ್ ತೆಗೆದು ಎಳೆಯುತ್ತಿದ್ದೆ. ನನ್ನನ್ನು ಗುರುತಿಸದ ಹೊಸ ಹುಡುಗನೊಬ್ಬ ಪಕ್ಕಕ್ಕೆ ಬಂದು, ಸ್ವಲ್ಪ ದೂರದಲ್ಲೇ ನಿಂತು, ಕಾದು, ಕೇಳಿದ: "ನೀವು ಏನು ಪ್ಯಾಕ್ ಮಾಡ್ತೀರಿ?"